ಒಂದೇ ಆಮ್ಲ, ಎರಡು ಕೋನ: ಕೊಬ್ಬಿನಾಮ್ಲದ ಹರಳುಗಳ ಮೇಲೆ ದ್ರಾವಕ ಮತ್ತು ಬೆರಕೆಗಳ ಪ್ರಭಾವ

ಡಿಸೆಂಬರ್ ತಿಂಗಳ ಮುಂಜಾನೆ ತುಮಕೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಗ್ಗಿಸಿದರೆ ಎಣ್ಣೆ ಬೀಳುವುದಿಲ್ಲ. ರಾತ್ರಿಯ ಚಳಿಗೆ ಅದು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಾಟಲಿಯನ್ನು ಎಳೆಬಿಸಿಲಿಗಿಟ್ಟೋ ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಿಯೋ ಕರಗಿಸಿಕೊಳ್ಳಬೇಕು. ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಾದ್ದರಿಂದ, ತಿಪಟೂರಿನ ಕಡೆಯವರಾದ ನಮಗೆ ಇದು ಹುಟ್ಟಿದಾಗಿನಿಂದ ಕಂಡ ಸಂಗತಿ. ಆದರೆ ಹಾಗೆ ಗಟ್ಟಿಯಾದ ಎಣ್ಣೆಯನ್ನು ಬೆಳಕಿಗೆ ಹಿಡಿದು ಗಮನವಿಟ್ಟು ನೋಡಿದವರಿಗೆ ಇನ್ನೊಂದು ಸಂಗತಿಯೂ ಕಂಡಿರುತ್ತದೆ. ನಿಧಾನವಾಗಿ ತಣಿದ ರಾತ್ರಿ ಬಾಟಲಿಯ ಗೋಡೆಯ ಮೇಲೆ ನಕ್ಷತ್ರದಂತೆ ಹರಡಿದ ಬಿಳಿಯ ಗೊಂಚಲುಗಳು ಬೆಳೆದಿರುತ್ತವೆ. ಫ್ರಿಜ್ಜಿನಲ್ಲಿಟ್ಟು ಬೇಗ ತಣಿಸಿದರೆ ಅದೇ ಎಣ್ಣೆ ನುಣ್ಣನೆಯ ಸುಣ್ಣದ ಮುದ್ದೆಯಂತಾಗುತ್ತದೆ. ತುಪ್ಪದ ವಿಷಯವೂ ಹೀಗೆಯೇ. ಕಾಯಿಸಿದ ತುಪ್ಪದ ಪಾತ್ರೆಯನ್ನು ನನ್ನ ಅಜ್ಜಿ ಒಲೆಯ ಪಕ್ಕದಲ್ಲೇ, ಬೂದಿಯ ಕಾವಿನಲ್ಲಿ, ರಾತ್ರಿಯಿಡೀ ಬಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ತುಪ್ಪ ಹರಳು ಹರಳಾಗಿರುತ್ತಿತ್ತು. ಬೇಗ ತಣ್ಣಗಾಗಲೆಂದು ನೀರಿನ ತಟ್ಟೆಯಲ್ಲಿ ಇಟ್ಟ ತುಪ್ಪಕ್ಕೆ ಆ ಹರಳು ಎಂದೂ ಬರುತ್ತಿರಲಿಲ್ಲ.

ಹರಳಿನ ಗಾತ್ರ ಬದಲಾಗುವುದು ಒಂದು ಸಂಗತಿ. ಅದಕ್ಕಿಂತ ಆಳವಾದ ಇನ್ನೊಂದು ಸಂಗತಿಯಿದೆ: ಅದೇ ಅಣುಗಳು, ಅದೇ ರಾಸಾಯನಿಕ ಸೂತ್ರ, ಆದರೂ ಹರಳಿನೊಳಗೆ ಅಣುಗಳು ಒಂದರ ಪಕ್ಕ ಒಂದು ಕೂರುವ ಕ್ರಮವೇ ಬೇರೆಯಾಗಬಹುದು. ಇದಕ್ಕೆ ಬಹುರೂಪತೆ ಎಂದು ಹೆಸರು. ವಜ್ರವೂ ಪೆನ್ಸಿಲ್ಲಿನ ಸೀಸದಲ್ಲಿರುವ ಗ್ರಾಫೈಟೂ ಇಂಗಾಲವೇ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಕೊಬ್ಬಿನಾಮ್ಲಗಳಲ್ಲಿ ಈ ಗುಣ ಅದಕ್ಕಿಂತ ಸೂಕ್ಷ್ಮವಾದದ್ದು. ಯಾವ ದ್ರಾವಕದಲ್ಲಿ ಕರಗಿಸಿದೆವು, ಎಷ್ಟು ಬೇಗ ತಣಿಸಿದೆವು, ಜೊತೆಯಲ್ಲಿ ಚಿಟಿಕೆಯಷ್ಟು ಬೇರೇನು ಸೇರಿತ್ತು ಎಂಬ ಸಣ್ಣಪುಟ್ಟ ಕಾರಣಗಳಿಂದಲೇ ಹರಳಿನ ರೂಪ ಬೇರೆಯಾಗಿಬಿಡುತ್ತದೆ. ಪದವಿ ತರಗತಿಗೆ ರಸಾಯನಶಾಸ್ತ್ರ ಹೇಳಿಕೊಡುವ ನನಗೆ, ಪ್ರಯೋಗಶಾಲೆಯಲ್ಲಿ ಇಷ್ಟು ಅಗ್ಗದ ಸಾಮಗ್ರಿಯಿಂದ ಇಷ್ಟು ಆಳವಾದ ಪಾಠವನ್ನು ಕಣ್ಣೆದುರು ತೋರಿಸಬಲ್ಲ ಇನ್ನೊಂದು ವಿಷಯ ಸಿಕ್ಕಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಕೊಬ್ಬರಿ ಎಣ್ಣೆಯಾಗಲಿ ತುಪ್ಪವಾಗಲಿ ಕೊಬ್ಬಿನಾಮ್ಲವಲ್ಲ. ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲ್ ಅಣುವಿಗೆ ಕಟ್ಟಿಕೊಂಡಾಗ ಆಗುವ ಟ್ರೈಗ್ಲಿಸರೈಡುಗಳೇ ಎಣ್ಣೆ, ಕೊಬ್ಬುಗಳ ಬಹುಪಾಲು. ಸಾಬೂನು ಮಾಡುವಾಗ ಕ್ಷಾರ ಈ ಕಟ್ಟನ್ನು ಬಿಡಿಸುತ್ತದೆ. ಆಮೇಲೆ ಆ ಸಾಬೂನಿಗೆ ಆಮ್ಲ ಹಾಕಿದರೆ ಬಿಡಿಬಿಡಿಯಾದ ಕೊಬ್ಬಿನಾಮ್ಲಗಳು ಮೇಲೆ ತೇಲಿ ಬರುತ್ತವೆ. ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರೊಲ್ ಇದನ್ನು ವರ್ಷಗಟ್ಟಲೆ ಶ್ರಮಿಸಿ ವಿಂಗಡಿಸಿ, 1823ರಲ್ಲಿ ತನ್ನ ಫಲಿತಾಂಶಗಳನ್ನು ಪುಸ್ತಕವಾಗಿ ಹೊರತಂದನು. ಸ್ಟಿಯರಿಕ್ ಆಮ್ಲ ಎಂಬ ಹೆಸರು ಆತನ ಕೆಲಸದಿಂದ ಬಂದದ್ದು. ಕೊಬ್ಬರಿ ಎಣ್ಣೆಯಲ್ಲಿರುವ ಆಮ್ಲಗಳಲ್ಲಿ ಸರಿಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಅದರಲ್ಲಿ 12 ಇಂಗಾಲದ ಪರಮಾಣುಗಳ ಸರಪಳಿಯಿದೆ. ಪಾಮಿಟಿಕ್ ಆಮ್ಲದಲ್ಲಿ 16, ಸ್ಟಿಯರಿಕ್ ಆಮ್ಲದಲ್ಲಿ 18. ಸರಪಳಿ ಉದ್ದವಾದಷ್ಟೂ ಕರಗುವ ಬಿಂದು ಏರುತ್ತದೆ: ಲಾರಿಕ್ ಸುಮಾರು 44 ಡಿಗ್ರಿ, ಪಾಮಿಟಿಕ್ ಸುಮಾರು 63, ಸ್ಟಿಯರಿಕ್ ಸುಮಾರು 69. ಇನ್ನು ಮುಂದೆ ಹೇಳುವುದು ಹೆಚ್ಚಾಗಿ ಸ್ಟಿಯರಿಕ್ ಆಮ್ಲದ ಬಗ್ಗೆ. ಏಕೆಂದರೆ ಅತಿ ಹೆಚ್ಚು ಅಧ್ಯಯನ ನಡೆದಿರುವುದು ಅದರ ಮೇಲೆಯೇ.

ಸ್ಟಿಯರಿಕ್ ಆಮ್ಲದ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ತಲೆಯಲ್ಲಿರುವುದು ಕಾರ್ಬಾಕ್ಸಿಲ್ ಗುಂಪು. ಅದು ಇನ್ನೊಂದು ಅಣುವಿನ ತಲೆಯೊಂದಿಗೆ ಎರಡು ಹೈಡ್ರೋಜನ್ ಬಂಧಗಳಿಂದ ಮುಖಾಮುಖಿಯಾಗಿ ಜೋಡಿಯಾಗುತ್ತದೆ. ಬಾಲ ಎಣ್ಣೆಯ ಜಾತಿಯದು, ಅದಕ್ಕೆ ಇನ್ನೊಂದು ಬಾಲದ ಪಕ್ಕದಲ್ಲಿ ಒತ್ತಾಗಿ ಮಲಗುವುದೇ ಇಷ್ಟ. ನಮ್ಮ ಕಡೆ ರಾಗಿ ಕೊಯ್ಲಾದ ಮೇಲೆ ಮೆದೆ ಹಾಕುವುದನ್ನು ನೋಡಿದವರಿಗೆ ಹರಳಿನ ಒಳಗಿನ ಜೋಡಣೆಯನ್ನು ವಿವರಿಸುವುದು ಸುಲಭ. ಕಟ್ಟುಗಳನ್ನು ತೆನೆ ಒಳಗೆ, ಬುಡ ಹೊರಗೆ ಬರುವಂತೆ ಎರಡೂ ಕಡೆಯಿಂದ ಜೋಡಿಸುತ್ತಾರೆ. ತೆನೆಗೆ ತೆನೆ ಮಧ್ಯದಲ್ಲಿ ಸೇರುತ್ತದೆ. ಸ್ಟಿಯರಿಕ್ ಆಮ್ಲದ ಒಂದು ಪದರವೂ ಹಾಗೆಯೇ: ತಲೆಗೆ ತಲೆ ನಡುವೆ ಕೂಡಿ, ಬಾಲಗಳು ಮೇಲಕ್ಕೂ ಕೆಳಕ್ಕೂ ಚಾಚಿರುತ್ತವೆ. ಇಂತಹ ಪದರಗಳು ಒಂದರ ಮೇಲೊಂದು ಸಾವಿರಾರು ಕೂಡಿದರೆ ಕಣ್ಣಿಗೆ ಕಾಣುವ ತೆಳುವಾದ ಹರಳಿನ ಹಲ್ಲೆ, ಅಂದರೆ ಚಪ್ಪಟೆ ಬಿಲ್ಲೆ, ಆಗುತ್ತದೆ.

ಭೇದ ಹುಟ್ಟುವುದು ಈ ಬಾಲಗಳು ಎಷ್ಟು ವಾಲಿ ನಿಲ್ಲುತ್ತವೆ ಎಂಬಲ್ಲಿ. 1920ರ ದಶಕದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಲೆಕ್ಸ್ ಮುಲ್ಲರ್ ಎಕ್ಸ್-ಕಿರಣಗಳಿಂದ ಈ ಪದರಗಳ ದಪ್ಪವನ್ನು ಅಳೆಯತೊಡಗಿದಾಗಿನಿಂದ, ಒಂದೇ ಆಮ್ಲ ಬೇರೆ ಬೇರೆ ದಪ್ಪದ ಪದರಗಳನ್ನು ಕೊಡುತ್ತದೆಂಬುದು ಕ್ರಮೇಣ ಸ್ಪಷ್ಟವಾಯಿತು. ಆ ರೂಪಗಳಿಗೆ ಎ, ಬಿ, ಸಿ ಎಂದು ಅಕ್ಷರಗಳ ಹೆಸರಿಟ್ಟರು. ಮುಂದೆ ಇ ಎಂಬ ರೂಪವೂ ಸೇರಿಕೊಂಡಿತು. ಇವುಗಳಲ್ಲಿ ನಮಗೆ ಮುಖ್ಯವಾದವು ಬಿ ಮತ್ತು ಸಿ. ಬಿ ರೂಪದಲ್ಲಿ ಬಾಲಗಳು ಲಂಬರೇಖೆಯಿಂದ ಸುಮಾರು 27 ಡಿಗ್ರಿ ವಾಲಿವೆ, ಪದರದ ದಪ್ಪ ಸುಮಾರು 4.4 ನ್ಯಾನೋಮೀಟರ್. ಸಿ ರೂಪದಲ್ಲಿ ವಾಲಿಕೆ ಸುಮಾರು 35 ಡಿಗ್ರಿ, ದಪ್ಪ ಸುಮಾರು 4.0 ನ್ಯಾನೋಮೀಟರ್. ಹೆಚ್ಚು ವಾಲಿದ ಕಟ್ಟಿನ ಎತ್ತರ ಕಡಿಮೆಯಾಗುವುದು ಸಹಜವೇ. ಇನ್ನೊಂದು ವ್ಯತ್ಯಾಸವೂ ಇದೆ: ಸಿ ರೂಪದಲ್ಲಿ ಸರಪಳಿ ತಲೆಯಿಂದ ತುದಿಯವರೆಗೆ ನೇರ, ಬಿ ರೂಪದಲ್ಲಿ ತಲೆಯ ಬಳಿಯ ಒಂದು ಬಂಧದಲ್ಲಿ ಅದು ಕುತ್ತಿಗೆ ಹೊರಳಿಸಿದಂತೆ ತಿರುಚಿಕೊಂಡಿದೆ.

ಈಗ ಈ ಲೇಖನದಲ್ಲಿ ನನಗೆ ಅತ್ಯಂತ ಮುಖ್ಯವಾದ ಭೇದಕ್ಕೆ ಬರುತ್ತೇನೆ. ಯಾವ ರೂಪ ಹೆಚ್ಚು ಸ್ಥಿರ ಎಂಬ ಪ್ರಶ್ನೆ ಬೇರೆ, ಯಾವ ರೂಪ ಮೊದಲು ಹುಟ್ಟುತ್ತದೆ ಎಂಬ ಪ್ರಶ್ನೆ ಬೇರೆ. ಈ ಎರಡನ್ನೂ ಕಲಸಿಕೊಂಡರೆ ಹರಳುಗಳ ವಿಷಯವೇ ಅರ್ಥವಾಗುವುದಿಲ್ಲ, ಮತ್ತು ಪಠ್ಯಪುಸ್ತಕಗಳು ಬಹಳ ಸಲ ಇವನ್ನು ಕಲಸಿಯೇ ಹೇಳುತ್ತವೆ. ಹಿರೋಶಿಮಾದ ಕಿಯೊತಾಕ ಸಾತೊ ಅವರು ಫ್ರಾನ್ಸಿನ ಬ್ವಾಸ್ಟೆಲ್ ಅವರೊಂದಿಗೆ ಸೇರಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಸ್ಟಿಯರಿಕ್ ಆಮ್ಲವನ್ನು ನೀರಿನ ಜಾತಿಯ ಧ್ರುವೀಯ ದ್ರಾವಕಗಳಲ್ಲೂ ಎಣ್ಣೆಯ ಜಾತಿಯ ಅಧ್ರುವೀಯ ದ್ರಾವಕಗಳಲ್ಲೂ ಹರಳುಗಟ್ಟಿಸಿ ಹೋಲಿಸಿದಾಗ, ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿ ರೂಪವೂ ಅದಕ್ಕಿಂತ ಮೇಲೆ ಸಿ ರೂಪವೂ ಸ್ಥಿರವೆಂದು ಕಂಡುಬಂತು. ಈ 32ರ ಗೆರೆಯನ್ನು ದ್ರಾವಕ ಜರುಗಿಸಲಾರದು. ಸ್ಥಿರತೆ ಘನವಸ್ತುವಿನ ಗುಣ. ಹರಳು ಯಾವ ದ್ರವದಲ್ಲಿ ಮುಳುಗಿದೆ ಎಂಬುದಕ್ಕೂ ಹರಳಿನೊಳಗಿನ ಶಕ್ತಿಗೂ ಸಂಬಂಧವಿಲ್ಲ.

ಇದನ್ನು ಕರಗುವ ಪ್ರಮಾಣದ ಮೂಲಕ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಕಡಿಮೆ ಸ್ಥಿರವಾದ ರೂಪ ಯಾವ ದ್ರಾವಕದಲ್ಲೇ ಆಗಲಿ ಹೆಚ್ಚು ಕರಗುತ್ತದೆ. 25 ಡಿಗ್ರಿಯಲ್ಲಿ ಸಿ ರೂಪ ಅಧ್ರುವೀಯವಾದ ಹೆಕ್ಸೇನಿನಲ್ಲೂ ಬಿ ರೂಪಕ್ಕಿಂತ ಹೆಚ್ಚು ಕರಗುತ್ತದೆ, ಧ್ರುವೀಯವಾದ ಮೆಥನಾಲಿನಲ್ಲೂ ಹೆಚ್ಚು ಕರಗುತ್ತದೆ. ಹೆಕ್ಸೇನಿನಲ್ಲಿ ಕರಗುವ ಒಟ್ಟು ಪ್ರಮಾಣಕ್ಕೂ ಮೆಥನಾಲಿನಲ್ಲಿ ಕರಗುವ ಒಟ್ಟು ಪ್ರಮಾಣಕ್ಕೂ ಬಹಳ ಅಂತರವಿರಬಹುದು, ಆದರೆ ಎರಡು ರೂಪಗಳ ನಡುವಿನ ಹಿರಿತನ ಕಿರಿತನದ ಕ್ರಮ ಬದಲಾಗುವುದಿಲ್ಲ. 32 ಡಿಗ್ರಿಯಲ್ಲಿ ಎರಡೂ ಸಮ. ಅದನ್ನು ದಾಟಿದರೆ ಕ್ರಮ ತಿರುವುಮುರುವು.

ತುಮಕೂರಿನವನಾದ ನನಗೆ ಈ 32 ಎಂಬ ಅಂಕಿ ಬಹಳ ಆಪ್ತವಾಗಿ ಕಾಣುತ್ತದೆ. ನಮ್ಮ ಚಳಿಗಾಲದ ರಾತ್ರಿಗಳು ಅದಕ್ಕಿಂತ ಬಹಳ ಕೆಳಗಿರುತ್ತವೆ, ಏಪ್ರಿಲ್ಲಿನ ಮಧ್ಯಾಹ್ನಗಳು ಅದನ್ನು ದಾಟುತ್ತವೆ. ಅಂದರೆ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿರುವ ಡಬ್ಬಿಯೊಳಗಿನ ಸ್ಟಿಯರಿಕ್ ಆಮ್ಲದ ಪಾಲಿಗೆ, ಯಾವುದು ಸ್ಥಿರ ರೂಪ ಎಂಬುದು ವರ್ಷದೊಳಗೆ ಹಲವು ಬಾರಿ ಬದಲಾಗುತ್ತದೆ. ಹಾಗಾದರೆ ಡಬ್ಬಿಯ ಪುಡಿ ಚಳಿಗಾಲದಲ್ಲಿ ಬಿ ಆಗಿ ಬೇಸಿಗೆಯಲ್ಲಿ ಸಿ ಆಗುತ್ತದೆಯೇ? ಇಲ್ಲ. ಒಣಗಿದ ಹರಳಿನಲ್ಲಿ ಕೋಟ್ಯಂತರ ಅಣುಗಳು ಒತ್ತಾಗಿ ಹೆಣೆದುಕೊಂಡಿವೆ. ಎಲ್ಲವೂ ಒಟ್ಟಿಗೆ ವಾಲಿಕೆ ಬದಲಿಸಬೇಕೆಂದರೆ ದೊಡ್ಡ ಅಡ್ಡಿಯನ್ನು ದಾಟಬೇಕು. ಒಣ ಬಿ ಹರಳನ್ನು ಸಿ ಆಗಿಸಲು ಅದನ್ನು 32 ಡಿಗ್ರಿಗಿಂತ ಸಾಕಷ್ಟು ಮೇಲಕ್ಕೆ ಕಾಯಿಸಬೇಕಾಗುತ್ತದೆ. ಒಣ ಸಿ ಹರಳಾದರೋ ತಣಿಸಿದ ಮಾತ್ರಕ್ಕೆ ಬಿ ಆಗಿ ಮರಳುವುದಿಲ್ಲ. ಕರಗಿದ ಸ್ಟಿಯರಿಕ್ ಆಮ್ಲವನ್ನು ಹಾಗೆಯೇ ತಣಿಯಬಿಟ್ಟರೆ ಸಿಗುವುದು ಸಿ ರೂಪವೇ. ಅದು ಎಷ್ಟು ಚಳಿಗಾಲ ಕಳೆದರೂ ಸಿ ಆಗಿಯೇ ಉಳಿದಿರುತ್ತದೆ.

ಸ್ಥಿರತೆಯನ್ನು ಬದಲಿಸಲಾರದ ದ್ರಾವಕ, ಯಾರು ಮೊದಲು ಹುಟ್ಟಬೇಕು ಎಂಬುದರ ಮೇಲೆ ಮಾತ್ರ ದೊಡ್ಡ ಹಿಡಿತ ಹೊಂದಿದೆ. ಹೆಕ್ಸೇನಿನಂತಹ ಅಧ್ರುವೀಯ ದ್ರಾವಕದಲ್ಲಿ ನಿಧಾನವಾಗಿ ತಣಿಸಿದರೆ ಸಾಮಾನ್ಯವಾಗಿ ಬಿ ಬರುತ್ತದೆ, ಕೆಲವು ಸಲ ಜೊತೆಗೆ ಎ ಕೂಡ. ಧ್ರುವೀಯ ದ್ರಾವಕಗಳೂ ವೇಗದ ತಣಿಕೆಯೂ ಫಲಿತಾಂಶವನ್ನು ಸಿ ಕಡೆಗೆ ವಾಲಿಸುತ್ತವೆ. ಹೆಕ್ಸೇನಿನಲ್ಲಿ ಕರಗಿದಾಗಲೂ ಆಮ್ಲದ ಅಣುಗಳು ಬಹುಮಟ್ಟಿಗೆ ತಲೆಗೆ ತಲೆ ಸೇರಿಸಿ ಜೋಡಿಯಾಗಿಯೇ ಇರುತ್ತವೆ, ಏಕೆಂದರೆ ಆ ತಲೆಯ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳಲು ಹೆಕ್ಸೇನಿಗೆ ಶಕ್ತಿಯಿಲ್ಲ. ಹರಳಿಗೆ ಬಂದು ಸೇರುವ ಇಟ್ಟಿಗೆಗಳು ಅಲ್ಲಿ ಮೊದಲೇ ತಯಾರಾಗಿವೆ. ಮೆಥನಾಲಿನಲ್ಲಿ ಪರಿಸ್ಥಿತಿ ಬೇರೆ: ಆಲ್ಕೋಹಾಲು ಪ್ರತಿ ತಲೆಯನ್ನೂ ತಾನೇ ಹಿಡಿದುಕೊಂಡು ಜೋಡಿಯನ್ನು ಬಿಡಿಸುತ್ತದೆ. ಬಿಡಿ ಅಣು ಹರಳಿನ ಅಂಚಿಗೆ ಬಂದಾಗ ಮೊದಲು ದ್ರಾವಕದ ಕೈ ಬಿಡಿಸಿಕೊಳ್ಳಬೇಕು, ಆಮೇಲೆ ಎದುರಿನ ತಲೆಗೆ ಜೋಡಿಯಾಗಬೇಕು. ಈ ಬಿಡಿಸಿಕೊಳ್ಳುವ ಕೆಲಸ ಹರಳಿನ ಎಲ್ಲ ಮುಖಗಳಲ್ಲೂ, ಎಲ್ಲ ರೂಪಗಳಲ್ಲೂ ಒಂದೇ ಸಮ ಸುಲಭವಲ್ಲ. ಮೊಳಕೆಯೊಡೆಯುವ ಹಂತದಲ್ಲಿ ಇದರಿಂದ ಆಗುವ ಚೂರು ವ್ಯತ್ಯಾಸವೇ ಸಾಕು. ಒಮ್ಮೆ ಒಂದು ರೂಪದ ಮೊಳಕೆ ಹೆಚ್ಚಾದರೆ ದ್ರಾವಣದಲ್ಲಿರುವ ಆಮ್ಲವನ್ನೆಲ್ಲ ಅದೇ ಬಾಚಿಕೊಳ್ಳುತ್ತದೆ.

ತಣಿಕೆಯ ವೇಗವೂ ಇಲ್ಲಿಯೇ ಕೆಲಸ ಮಾಡುತ್ತದೆ. ಬೇಗ ತಣಿಸಿದಾಗ ದ್ರಾವಣ ಬಹಳ ಅತಿಸಂತೃಪ್ತವಾಗುತ್ತದೆ, ಅಂದರೆ ತನ್ನಲ್ಲಿ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಆಮ್ಲವನ್ನು ಹೊತ್ತಿರುತ್ತದೆ. ಅಂತಹ ಸ್ಥಿತಿಯಲ್ಲಿ ಅತ್ಯಂತ ಸ್ಥಿರವಾದ ಜೋಡಣೆಗಾಗಿ ಕಾಯುವ ವ್ಯವಧಾನ ಅಣುಗಳಿಗಿರುವುದಿಲ್ಲ. ಸುಲಭವಾಗಿ ಕೈಗೆಟಕುವ ಜೋಡಣೆ ಮೊದಲು ಮೂಡುತ್ತದೆ. ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1897ರಲ್ಲಿ ಹೇಳಿದ ಹಂತಗಳ ನಿಯಮದ ತಿರುಳು ಇದೇ. ಅದನ್ನು ನಿಯಮ ಎನ್ನುವುದಕ್ಕಿಂತ ಒಲವು ಎನ್ನುವುದು ಸರಿ, ಏಕೆಂದರೆ ಅದಕ್ಕೆ ಹೊರತಾದ ಉದಾಹರಣೆಗಳು ಬೇಕಾದಷ್ಟಿವೆ.

ಕಳೆದ ಡಿಸೆಂಬರಿನಲ್ಲಿ ನಮ್ಮ ಕೊನೆಯ ವರ್ಷದ ವಿದ್ಯಾರ್ಥಿಗಳೊಂದಿಗೆ ಇದನ್ನು ಮಾಡಿ ನೋಡಿದೆವು. ಶುದ್ಧ ಸ್ಟಿಯರಿಕ್ ಆಮ್ಲವನ್ನು ಒಂದು ಸೀಸೆಯಲ್ಲಿ ಹೆಕ್ಸೇನಿನಲ್ಲಿ, ಇನ್ನೊಂದರಲ್ಲಿ ಮೆಥನಾಲಿನಲ್ಲಿ ಬೆಚ್ಚಗೆ ಕರಗಿಸಿದೆವು. ಎರಡೂ ಬೇಗ ಹೊತ್ತಿಕೊಳ್ಳುವ ದ್ರವಗಳು, ಮೆಥನಾಲು ವಿಷವೂ ಹೌದು. ಆದ್ದರಿಂದ ಬರ್ನರ್ ಹಚ್ಚದೆ ಬಿಸಿನೀರಿನ ತೊಟ್ಟಿಯನ್ನೇ ಬಳಸಿ, ಹೊಗೆಗೂಡಿನ ಒಳಗೆ ಮಾತ್ರ ಕೆಲಸ ಮಾಡಿದೆವು. ಹೆಕ್ಸೇನಿನ ಸೀಸೆಯನ್ನು ಬಿಗಿಯಾಗಿ ಮುಚ್ಚಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ರಾತ್ರಿಯಿಡೀ ನಿಧಾನವಾಗಿ ತಣಿಯಬಿಟ್ಟೆವು. ಮೆಥನಾಲಿನದನ್ನು ಮೇಜಿನ ಮೇಲೆಯೇ ಬೇಗ ತಣಿಯಲು ಇಟ್ಟೆವು. ಮರುದಿನ ಎರಡರಿಂದಲೂ ಒಂದೊಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎರಡೂ ಕಡೆ ಕಂಡದ್ದು ಪಾರದರ್ಶಕವಾದ, ಕಾಗದಕ್ಕಿಂತ ತೆಳುವಾದ ವಜ್ರಾಕೃತಿಯ ಹಲ್ಲೆಗಳು. ಕೆಲವುಗಳ ಮೇಲೆ ಒಂದರೊಳಗೊಂದು ಮೂಡಿದ ಸಣ್ಣ ವಜ್ರಾಕೃತಿಯ ಮೆಟ್ಟಿಲುಗಳು ಕಾಣುತ್ತಿದ್ದವು; ಹರಳು ಸುರುಳಿಯಾಗಿ ಮೇಲೇರುತ್ತಾ ಬೆಳೆದ ಗುರುತು ಅದು.

ಮೊದಲ ನೋಟಕ್ಕೆ ಎರಡೂ ಒಂದೇ ಎನ್ನಿಸಿತು. ಒಬ್ಬ ವಿದ್ಯಾರ್ಥಿನಿ ಮೊಬೈಲಿನಿಂದ ಚಿತ್ರ ತೆಗೆದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಳು. ಪೆನ್ಸಿಲಿನಿಂದ ಅಂಚುಗಳನ್ನು ಎಳೆದು ಕೋನಮಾಪಕ ಇಟ್ಟಾಗ ಭೇದ ಬಯಲಾಯಿತು. ಹೆಕ್ಸೇನಿನ ಹರಳುಗಳ ಕಿರಿದಾದ ಕೋನ 74, 75 ಡಿಗ್ರಿ ಸುತ್ತಮುತ್ತ ಬರುತ್ತಿತ್ತು. ಮೆಥನಾಲಿನ ಹರಳುಗಳಲ್ಲಿ ಬಹುಪಾಲು 56ರ ಹತ್ತಿರ. ನಡುನಡುವೆ 74ರವೂ ಕೆಲವು ಇದ್ದವು. ಇದು ಆಕಸ್ಮಿಕವಲ್ಲ. ಬಿ ರೂಪದಲ್ಲಿ ಅಣುಗಳು ಪದರದೊಳಗೆ ಇರುವ ಅಂತರಗಳನ್ನು ಎಕ್ಸ್-ಕಿರಣದಿಂದ ಅಳೆದ ಅಂಕಿಗಳಿಂದ ಲೆಕ್ಕ ಹಾಕಿದರೆ ಹಲ್ಲೆಯ ಕಿರಿದಾದ ಕೋನ ಸುಮಾರು 74 ಡಿಗ್ರಿ ಬರುತ್ತದೆ, ಸಿ ರೂಪದ ಅಂಕಿಗಳಿಂದ ಸುಮಾರು 56. "ಸಾರ್, ಎರಡೂ ಒಂದೇ ಆಮ್ಲ ಅಂದ್ರಲ್ಲ, ಹಾಗಾದ್ರೆ ಈ ಕೋನ ಎಲ್ಲಿಂದ ಬಂತು?" ಎಂದು ಆಕೆ ಕೇಳಿದಳು. ನೂರು ವರ್ಷಗಳ ಸಂಶೋಧನೆ ಹುಟ್ಟಿದ್ದೇ ಆ ಪ್ರಶ್ನೆಯಿಂದ ಎಂದು ಹೇಳಿದೆ. ಕಣ್ಣಿಗೆ ಕಾಣದ ನ್ಯಾನೋಮೀಟರಿನ ಜೋಡಣೆ, ಹತ್ತು ರೂಪಾಯಿಯ ಕೋನಮಾಪಕದ ಕೆಳಗೆ ಸಿಕ್ಕಿಬಿದ್ದಿತ್ತು.

ಇಷ್ಟಾಗಿಯೂ ಮೊದಲ ಪ್ರಯತ್ನ ನಮಗೆ ಕೈಕೊಟ್ಟಿತ್ತು ಎಂಬುದನ್ನು ಹೇಳಬೇಕು. ಪ್ರಯೋಗಶಾಲೆಗೆ ಸರಬರಾಜಾಗಿದ್ದ ಮೊದಲ ಡಬ್ಬಿಯ ಮೇಲೆ ಸ್ಟಿಯರಿಕ್ ಆಮ್ಲ ಎಂದೇ ಬರೆದಿತ್ತು, ಆದರೆ ಅದು 69ರ ಬದಲು 55, 56 ಡಿಗ್ರಿಯಲ್ಲೇ ಕರಗಿಹೋಯಿತು. ಅದರಿಂದ ಸ್ಪಷ್ಟವಾದ ಹರಳುಗಳೂ ಬರಲಿಲ್ಲ, ಅಂಚು ಹರಿದ ಚೂರುಗಳಷ್ಟೇ ಬಂದವು. ಮಾರುಕಟ್ಟೆಯಲ್ಲಿ ಮೇಣದಬತ್ತಿಗೂ ರಬ್ಬರಿಗೂ ಹೋಗುವ ಸ್ಟಿಯರಿಕ್ ಆಮ್ಲದಲ್ಲಿ ಅರ್ಧದಷ್ಟು ಪಾಮಿಟಿಕ್ ಆಮ್ಲವೇ ಇರುವುದು ಸಾಮಾನ್ಯ, ಮತ್ತು ಅಂತಹ ಮಿಶ್ರಣ ಕರಗುವುದು ಇದೇ ಉಷ್ಣತೆಯಲ್ಲಿ. ಎರಡು ವಾರ ಹಾಳಾದವು. ಆದರೆ ದ್ರಾವಕದ ಪಾಠಕ್ಕೆ ಹೊರಟ ನಮಗೆ ಬೆರಕೆಯ ಪಾಠ ಆ ಡಬ್ಬಿಯಿಂದಲೇ ಮೊದಲು ಸಿಕ್ಕಿತು.

ಈ ಬೆರಕೆ ಶೆವ್ರೊಲ್‌ನಂತಹವನನ್ನೂ ದಾರಿ ತಪ್ಪಿಸಿತ್ತು. ಮುತ್ತಿನಂತೆ ಹೊಳೆಯುವ ಹರಳುಗಳು ಸಿಕ್ಕಿದಾಗ ಆತ ಅದನ್ನು ಹೊಸದೊಂದು ಆಮ್ಲವೆಂದೇ ತಿಳಿದು, ಗ್ರೀಕಿನಲ್ಲಿ ಮುತ್ತು ಎಂಬರ್ಥದ ಪದದಿಂದ ಮಾರ್ಗರಿಕ್ ಆಮ್ಲ ಎಂದು ಹೆಸರಿಟ್ಟನು. ಅದು ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಮಿಶ್ರಣವೆಂದು 1850ರ ದಶಕದಲ್ಲಿ ಜರ್ಮನಿಯ ಹೈಂಟ್ಸ್ ತೋರಿಸಿಕೊಟ್ಟನು. ಮಾರ್ಗರೀನ್ ಎಂಬ ಹೆಸರಿನ ಮೂಲ ಅದೇ ಮುತ್ತು. ನಮ್ಮ ಹಿಂದಿನ ತಲೆಮಾರಿನವರು ಮುಖಕ್ಕೆ ಹಚ್ಚುತ್ತಿದ್ದ ಸ್ನೋದಲ್ಲಿ ಕಾಣುವ ಮುತ್ತಿನ ಹೊಳಪು ಕೂಡ ಅದರೊಳಗೆ ಬೆಳೆದ ಸ್ಟಿಯರಿಕ್ ಆಮ್ಲದ ತೆಳು ಹಲ್ಲೆಗಳದೇ.

ಬೆರಕೆಯಿಂದ ಹರಳನ್ನು ತಡೆಯುವುದು ನಮ್ಮ ಅಡುಗೆಮನೆಗೆ ಹೊಸದಲ್ಲ. ಸಕ್ಕರೆ ಪಾಕ ಆರಿದ ಮೇಲೆ ಮತ್ತೆ ಹರಳುಗಟ್ಟಬಾರದೆಂದು ನಾಲ್ಕು ಹನಿ ನಿಂಬೆರಸ ಹಿಂಡುತ್ತಾರೆ. ಹುಳಿಯು ಬಿಸಿಯಲ್ಲಿ ಸ್ವಲ್ಪ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆ ಒಡೆದ ಸಕ್ಕರೆಗಳು ಉಳಿದ ಸಕ್ಕರೆಯ ಸಾಲಿಗೆ ಸರಿಯಾಗಿ ಹೊಂದದೆ ಹರಳಿನ ಬೆಳವಣಿಗೆಗೆ ಅಡ್ಡಬರುತ್ತವೆ. ಪಾಮಿಟಿಕ್ ಆಮ್ಲ ಸ್ಟಿಯರಿಕ್ ಆಮ್ಲದ ಹರಳಿಗೆ ಮಾಡುವುದೂ ಇಂತಹದೇ ಕೆಲಸ. ತಲೆ ಒಂದೇ ಬಗೆಯದಾದ್ದರಿಂದ ಅದು ಸಾಲಿನೊಳಗೆ ಸಲೀಸಾಗಿ ಸೇರಿಕೊಳ್ಳುತ್ತದೆ, ಆದರೆ ಬಾಲದಲ್ಲಿ ಎರಡು ಇಂಗಾಲ ಕಡಿಮೆ. ಪದರದ ಹೊರಮೈಯಲ್ಲಿ ಅಲ್ಲೊಂದು ಗುಳಿ ಬೀಳುತ್ತದೆ. ಮುಂದಿನ ಪದರ ಆ ಗುಳಿಯ ಮೇಲೆ ಸಮವಾಗಿ ಕೂರಲಾರದು.

ಇತಿಹಾಸದಲ್ಲಿ ಇದೇ ಸಮಸ್ಯೆಗೆ ಕಂಡುಕೊಂಡ ಒಂದು ಪರಿಹಾರ ಭೀಕರವಾಗಿತ್ತು. ಶೆವ್ರೊಲ್ ಮತ್ತು ಗೇ-ಲುಸಾಕ್ 1825ರಲ್ಲಿ ಕೊಬ್ಬಿನಾಮ್ಲದ ಮೇಣದಬತ್ತಿಗೆ ಪೇಟೆಂಟ್ ಪಡೆದರು. ಹೊಗೆ ಕಡಿಮೆ, ಬೆಳಕು ಹೆಚ್ಚು. ಆದರೆ ಅಚ್ಚಿನಲ್ಲಿ ತಣಿಯುವಾಗ ಸ್ಟಿಯರಿಕ್ ಆಮ್ಲ ದಪ್ಪ ಹರಳುಗಳಾಗಿ ಬೆಳೆದು ಬತ್ತಿ ಪುಡಿಪುಡಿಯಾಗುತ್ತಿತ್ತು. ಹರಳು ಬೆಳೆಯದಂತೆ ತಡೆಯಲು ತಯಾರಕರು ಬಿಳಿ ಪಾಷಾಣವನ್ನು, ಅಂದರೆ ಆರ್ಸೆನಿಕ್ಕಿನ ಆಕ್ಸೈಡನ್ನು ಬೆರೆಸತೊಡಗಿದರು. ಉರಿಯುವ ಬತ್ತಿಯಿಂದ ಅದು ಕೋಣೆಯ ಗಾಳಿಗೆ ಸೇರುತ್ತಿತ್ತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವೈದ್ಯಕೀಯ ಸಂಘ 1837ರಲ್ಲಿ ಇದರ ವಿಚಾರಣೆ ನಡೆಸಿ ಅಪಾಯವನ್ನು ಜನರ ಮುಂದಿಟ್ಟಿತು. ಪಾಷಾಣಕ್ಕೆ ಬದಲಾಗಿ ಬಂದದ್ದು ಸ್ವಲ್ಪ ಜೇನುಮೇಣ ಬೆರೆಸುವ ಕ್ರಮ, ಮತ್ತು ಅಚ್ಚನ್ನು ಮೊದಲೇ ಬೆಚ್ಚಗೆ ಮಾಡಿ, ಗಟ್ಟಿಯಾಗುವ ಹಂತಕ್ಕೆ ಬಂದ ಆಮ್ಲವನ್ನು ಕಲಕಿ ಸುರಿಯುವ ಕ್ರಮ. ಹರಳಿನ ಬೆಳವಣಿಗೆಯನ್ನು ಹಿಡಿತಕ್ಕೆ ತರಲು ವಿಷದ ಅಗತ್ಯವೇ ಇರಲಿಲ್ಲ. ತಣಿಕೆಯ ಹದ ಮತ್ತು ನಿರುಪದ್ರವಿ ಬೆರಕೆ ಸಾಕಾಗಿತ್ತು.

ಇಂದು ಬೆರಕೆಯ ಪದಾರ್ಥಗಳನ್ನು ಅಣುವಿನ ಆಕಾರ ನೋಡಿ ಆರಿಸುತ್ತಾರೆ. ಜೆರುಸಲೇಮಿನ ನಿಸ್ಸಿಮ್ ಗಾರ್ಟಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಸ್ಟಿಯರಿಕ್ ಆಮ್ಲಕ್ಕೂ ಅದರ ಟ್ರೈಗ್ಲಿಸರೈಡಾದ ಟ್ರೈಸ್ಟಿಯರಿನ್‌ಗೂ ಎಮಲ್ಸಿಫೈಯರುಗಳನ್ನು, ಅಂದರೆ ಎಣ್ಣೆ ನೀರುಗಳನ್ನು ಬೆರೆತಿರುವಂತೆ ಹಿಡಿದಿಡುವ ಪದಾರ್ಥಗಳನ್ನು, ಬೆರೆಸಿ, ಹರಳಿನ ರೂಪಾಂತರದ ಮೇಲೆ ಅವುಗಳ ಪರಿಣಾಮವನ್ನು ಅಧ್ಯಯನ ಮಾಡಿದರು. ಇಂತಹ ಪದಾರ್ಥಗಳಲ್ಲಿ ಸಾರ್ಬಿಟಾನ್ ಮೊನೊಸ್ಟಿಯರೇಟ್ ಒಳ್ಳೆಯ ಉದಾಹರಣೆ. ಅದರ ಬಾಲ ಸ್ಟಿಯರಿಕ್ ಆಮ್ಲದ್ದೇ ಆದ್ದರಿಂದ ಪದರದೊಳಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ; ತಲೆ ಮಾತ್ರ ಸಕ್ಕರೆಯ ಸಂಬಂಧಿಯಾದ, ದಪ್ಪನೆಯ, ಅಕ್ಕಪಕ್ಕದ ತಲೆಗಳನ್ನು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಳ್ಳುವ ಗುಂಪು. ಸಾಲಿನಲ್ಲಿ ಅಲ್ಲಲ್ಲಿ ಮೊಳೆ ಹೊಡೆದಂತೆ ಅದು ನಿಂತುಬಿಡುತ್ತದೆ. ಒಂದು ರೂಪದಿಂದ ಇನ್ನೊಂದಕ್ಕೆ ಹೋಗಲು ಬಾಲಗಳೆಲ್ಲ ಜೊತೆಯಾಗಿ ಸರಿದಾಡಬೇಕಲ್ಲ, ಈ ಮೊಳೆ ಅದಕ್ಕೆ ಬಿಡುವುದಿಲ್ಲ. ಟ್ರೈಸ್ಟಿಯರಿನ್‌ನಲ್ಲಿ ಇಂತಹ ಗಟ್ಟಿ ಬಾಲದ ಎಮಲ್ಸಿಫೈಯರುಗಳು ರೂಪಾಂತರವನ್ನು ನಿಧಾನಗೊಳಿಸುತ್ತವೆ. ಬಾಲ ಬಾಗಿರುವ, ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವ ಎಮಲ್ಸಿಫೈಯರುಗಳು ಅದಕ್ಕೆ ತದ್ವಿರುದ್ಧವಾಗಿ ಜಾಗ ಸಡಿಲಿಸಿ ರೂಪಾಂತರವನ್ನು ಚುರುಕುಗೊಳಿಸುತ್ತವೆ. ತಲೆ ಒಂದೇ ಆಗಿದ್ದರೂ ಬಾಲದ ನೇರ ಬಾಗುಗಳಿಂದಲೇ ಪರಿಣಾಮ ತಲೆಕೆಳಗಾಗುತ್ತದೆ ಎಂಬುದು ಈ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡ ಫಲಿತಾಂಶ. ಚಾಕೊಲೇಟಿಗೆ ಸಾರ್ಬಿಟಾನ್ ಟ್ರೈಸ್ಟಿಯರೇಟ್ ಬೆರೆಸುವುದೂ ಇದೇ ತತ್ತ್ವದ ಮೇಲೆ: ಹಳೆಯದಾದ ಚಾಕೊಲೇಟಿನ ಮೇಲೆ ಬೂದಿಯಂತಹ ಬಿಳುಪು ಮೂಡುವುದನ್ನು ಅದು ತಡಮಾಡುತ್ತದೆ.

ಇಲ್ಲಿ ಮತ್ತೆ ಅದೇ ಭೇದವನ್ನು ನೆನಪಿಡಬೇಕು. ನೂರಕ್ಕೆ ಒಂದೆರಡು ಪಾಲಿನ ಬೆರಕೆ ಸಾಮಾನ್ಯವಾಗಿ ಯಾವ ರೂಪ ಸ್ಥಿರ ಎಂಬುದನ್ನು ಬದಲಿಸುವುದಿಲ್ಲ. ಅಲ್ಲಿಗೆ ತಲಪುವ ದಾರಿಯನ್ನು ಉದ್ದ ಮಾಡುತ್ತದೆ ಅಥವಾ ಗಿಡ್ಡ ಮಾಡುತ್ತದೆ. ಅಂಗಡಿಯಲ್ಲಿ ಒಂದು ವರ್ಷ ಕೂರಬೇಕಾದ ಪದಾರ್ಥಕ್ಕೆ ಅಷ್ಟೇ ಸಾಕು.

ಕಾರ್ಖಾನೆಯ ಮಟ್ಟದಲ್ಲಿ ದ್ರಾವಕ ಮತ್ತು ಬೆರಕೆ ಎರಡೂ ಬೇರೊಂದು ಉಪಯೋಗಕ್ಕೆ ಬರುತ್ತವೆ. ನಮ್ಮ ಹೊಂಗೆ ಎಣ್ಣೆಯಲ್ಲಿ ಹೆಚ್ಚಿನ ಪಾಲು ಒಲೀಕ್ ಆಮ್ಲದ್ದು. ಬಾಲದ ನಡುವೆ ಒಂದು ಜೋಡಿಬಂಧವಿದ್ದು ಅಲ್ಲಿ ಅದು ಬಾಗಿರುವುದರಿಂದ ಒತ್ತಾಗಿ ಕೂರಲು ಕಷ್ಟ, ಹಾಗಾಗಿ ಅದು ಕೋಣೆಯ ಉಷ್ಣತೆಯಲ್ಲಿ ದ್ರವ. ಒಲೀಕ್ ಆಮ್ಲಕ್ಕೂ ಒಂದಕ್ಕಿಂತ ಹೆಚ್ಚು ಹರಳು ರೂಪಗಳಿವೆ. ಒಂದು ಸುಮಾರು 13 ಡಿಗ್ರಿಯಲ್ಲಿ ಕರಗಿದರೆ ಇನ್ನೊಂದು ಸುಮಾರು 16ರಲ್ಲಿ ಕರಗುತ್ತದೆ. ಸ್ಟಿಯರಿಕ್ ಮತ್ತು ಪಾಮಿಟಿಕ್ ಆಮ್ಲಗಳೊಂದಿಗೆ ಬೆರೆತ ಒಲೀಕ್ ಆಮ್ಲವನ್ನು ಬೇರ್ಪಡಿಸಲು, ಸ್ವಲ್ಪ ನೀರು ಬೆರೆಸಿದ ಮೆಥನಾಲಿನಲ್ಲಿ ಕರಗಿಸಿ ಸೊನ್ನೆಗಿಂತ ಕೆಳಗೆ ತಣಿಸುವ ವಿಧಾನವಿದೆ. ಗಟ್ಟಿ ಆಮ್ಲಗಳು ಹರಳಾಗುತ್ತವೆ, ಒಲೀಕ್ ದ್ರಾವಣದಲ್ಲೇ ಉಳಿಯುತ್ತದೆ. ದ್ರಾವಕದ ಕೆಲಸ ಇಲ್ಲಿ ಬರೀ ಕರಗಿಸುವುದಲ್ಲ. ಹಿಪ್ಪೆ ಹಿಂಡಿದಂತೆ ಹರಳಿನ ಮುದ್ದೆಯಿಂದ ದ್ರವ ಪೂರ್ತಿ ಬಸಿದುಹೋಗಬೇಕಾದರೆ ಹರಳುಗಳು ಗಟ್ಟಿಮುಟ್ಟಾಗಿ, ಜಾಲರಿಯ ಮೇಲೆ ನಿಲ್ಲುವಂತಿರಬೇಕು. ಮೆದುವಾದ ಕೆಸರಿನಂತಿದ್ದರೆ ಒಲೀಕ್ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ದ್ರಾವಕವೇ ಇಲ್ಲದ ಇನ್ನೊಂದು ವಿಧಾನದಲ್ಲಿ ಸೋಡಿಯಂ ಲಾರಿಲ್ ಸಲ್ಫೇಟಿನಂತಹ ಮಾರ್ಜಕವನ್ನು ನೀರಿನೊಂದಿಗೆ ಬೆರೆಸುತ್ತಾರೆ. ಅದು ಹರಳಿನ ಮೈಗೆ ಅಂಟಿ, ಎಣ್ಣೆಯನ್ನು ಮೈಯಿಂದ ಜಾರಿಸಿ, ಹರಳನ್ನು ನೀರಿನ ಕಡೆಗೆ ಎಳೆದೊಯ್ಯುತ್ತದೆ. ಶಾಂಪೂವಿನಲ್ಲಿರುವ ಪದಾರ್ಥವೇ ಅಲ್ಲಿ ಹರಳನ್ನು ಬೇರ್ಪಡಿಸುತ್ತದೆ.

ನಮ್ಮ ಡಿಸೆಂಬರಿನ ಪ್ರಯೋಗ ಅಲ್ಲಿಗೆ ಮುಗಿಯಲಿಲ್ಲ. ಮೆಥನಾಲಿನಲ್ಲಿ ಬಂದ ಹರಳುಗಳನ್ನು ಎರಡು ಪಾಲು ಮಾಡಿದ್ದೆವು. ಒಂದನ್ನು ಸೋಸಿ ಒಣಗಿಸಿ ಪುಟ್ಟ ಸೀಸೆಯಲ್ಲಿಟ್ಟೆವು. ಇನ್ನೊಂದನ್ನು ಅದು ಹುಟ್ಟಿದ ದ್ರಾವಣದಲ್ಲಿಯೇ ಬಿಟ್ಟು, ಬಿರಟೆಯನ್ನು ಬಿಗಿಯಾಗಿ ಹಾಕಿ, ಕಪಾಟಿನ ಕೆಳಗಿನ ಅರೆಯಲ್ಲಿ ತಣ್ಣನೆಯ ಜಾಗದಲ್ಲಿಟ್ಟೆವು. ಸಂಕ್ರಾಂತಿಯ ರಜೆ ಮುಗಿಸಿ ಬಂದ ಮೇಲೆ ಎರಡನ್ನೂ ತೆಗೆದು ನೋಡಿದೆವು. ಒಣ ಸೀಸೆಯ ಹರಳುಗಳ ಕೋನ ಹೊಸದಾಗಿ ಅಳೆದರೂ 56ರ ಬಳಿಯೇ ಇತ್ತು. ದ್ರಾವಣದಲ್ಲಿ ಬಿಟ್ಟ ಸೀಸೆಯಲ್ಲಿ 56ರ ಹಲ್ಲೆಗಳ ಅಂಚುಗಳು ಸವೆದು ದುಂಡಗಾಗಿದ್ದವು. ಅವುಗಳ ನಡುವೆ ಹೊಸದಾಗಿ, ಚೂಪಾದ ಅಂಚಿನೊಂದಿಗೆ, 74 ಡಿಗ್ರಿಯ ಹಲ್ಲೆಗಳು ಬೆಳೆದಿದ್ದವು. 32 ಡಿಗ್ರಿಗಿಂತ ಕೆಳಗೆ ಹೆಚ್ಚು ಕರಗುವ ಸಿ ರೂಪ ಸ್ವಲ್ಪಸ್ವಲ್ಪವಾಗಿ ದ್ರಾವಣಕ್ಕೆ ಇಳಿದು, ಕಡಿಮೆ ಕರಗುವ ಬಿ ಆಗಿ ಮತ್ತೆ ಕಟ್ಟಿಕೊಳ್ಳುತ್ತಿತ್ತು; ಒಣ ಹರಳಿಗೆ ಸಾಧ್ಯವಾಗದ ಹಾದಿಯನ್ನು ಅದೇ ಮೆಥನಾಲು ತೆರೆದುಕೊಟ್ಟಿತ್ತು. ವಿದ್ಯಾರ್ಥಿಗಳು ಆ ಸೀಸೆಯನ್ನು ಚೆಲ್ಲಲು ಬಿಡಲಿಲ್ಲ. ಏಪ್ರಿಲ್ಲಿನ ಬಿಸಿಲಿಗೆ ಕಪಾಟು 32 ದಾಟಿದಾಗ ಯಾವ ಅಂಚು ಸವೆಯುತ್ತದೆ, ಯಾವುದು ಚೂಪಾಗುತ್ತದೆ ಎಂದು ಅವರೇ ಅಳೆಯುತ್ತಾರಂತೆ.